ಮೇಲ್ ಸರ್ವರ್‌ಗೆ ಐಪಿವಿ6 ಸೇರಿಸುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಮೇಲ್ ಸರ್ವರ್ ನೋಡಿಕೊಳ್ಳುವವರಿಗಾಗಿ ಈ ಪುಟ. ಕಾಲೇಜು, ಸಣ್ಣ ಕಂಪನಿ, ಸಹಕಾರ ಸಂಘ, ಯಾವುದೇ ಇರಲಿ. ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ತೆಗೆದುಕೊಳ್ಳುವ ಪ್ರೋಗ್ರಾಂ) ಮತ್ತು ಡವ್‌ಕಾಟ್ (ಬಳಕೆದಾರರಿಗೆ ಮೇಲ್ ಓದಲು ಕೊಡುವ ಪ್ರೋಗ್ರಾಂ) ಓಡುತ್ತಿವೆ, ಸದ್ಯಕ್ಕೆ ಐಪಿವಿ4 (ಇಂಟರ್‌ನೆಟ್ ವಿಳಾಸಗಳ ಹಳೇ ಪದ್ಧತಿ) ಮಾತ್ರ ಇದೆ, ಅದರ ಜೊತೆಗೆ ಐಪಿವಿ6 (ಹೊಸ ಪದ್ಧತಿ) ಬೇಕು ಎಂದುಕೊಂಡು ಉತ್ತರ ಬರೆದಿದ್ದೇನೆ. ಸೆಟ್ಟಿಂಗ್‌ಗಳ ಹೆಸರನ್ನು ಓದುವ ಹಾಗೆಯೇ ಕನ್ನಡದಲ್ಲಿ ಕೊಟ್ಟಿದ್ದೇನೆ. ಫೈಲಿನಲ್ಲಿ ಬರೆಯುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ.

ಈಗಿರುವುದು ಚೆನ್ನಾಗಿಯೇ ನಡೆಯುತ್ತಿದೆ. ಸುಮ್ನೆ ಯಾಕೆ ಮುಟ್ಟಬೇಕು?

ಹಳೇ ವಿಳಾಸಗಳು ಮುಗಿದಿವೆ. ಐಪಿವಿ4ನಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸ. ಜಗತ್ತಿಗೆಲ್ಲ ಹಂಚುವ ಐಯಾನಾ ಬಳಿ 2011ರ ಫೆಬ್ರವರಿಯಲ್ಲಿ ದಾಸ್ತಾನು ಖಾಲಿಯಾಯಿತು. ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ಎಪಿನಿಕ್ ಅದೇ ವರ್ಷದ ಏಪ್ರಿಲ್‌ನಲ್ಲಿ ಕೊನೆಯ ಕಂತಿಗೆ ಬಂತು. ಆಮೇಲಿಂದ ಅಳೆದು ತೂಗಿ ಕೊಡುತ್ತಿದೆ.

ಮೇಲ್ ವಿಷಯದಲ್ಲಿ ಇದರ ಬಿಸಿ ಮೊದಲು ತಟ್ಟುವುದು ನಿಮ್ಮ ಬಳಕೆದಾರರಿಗೆ. ಭಾರತದಲ್ಲಿ ಮೊಬೈಲ್ ಇಂಟರ್‌ನೆಟ್ ಬಹುಪಾಲು ಐಪಿವಿ6 ಮೇಲೆ ಓಡುತ್ತಿದೆ. 2016ರಲ್ಲಿ ಜಿಯೊ ಬಂದಾಗಿನಿಂದ ಅದು ಜೋರಾಯಿತು. ಅಂಥ ಫೋನ್ ನಿಮ್ಮ ಐಪಿವಿ4 ಸರ್ವರ್ ಮುಟ್ಟಬೇಕಾದರೆ ಮೊಬೈಲ್ ಕಂಪನಿಯ ನ್ಯಾಟ್ (ವಿಳಾಸ ಬದಲಿಸಿ ಕಳಿಸುವ ವ್ಯವಸ್ಥೆ) ದಾಟಿಯೇ ಬರಬೇಕು. ಅಲ್ಲಿ ಎಷ್ಟೋ ಜನ ಒಂದೇ ಐಪಿವಿ4 ವಿಳಾಸ ಹಂಚಿಕೊಂಡಿರುತ್ತಾರೆ. ಅವರಲ್ಲಿ ಯಾರೋ ಒಬ್ಬರ ಫೋನ್ ಹಳೇ ಪಾಸ್‌ವರ್ಡ್ ಹಿಡಿದು ಮತ್ತೆ ಮತ್ತೆ ಬಡಿದರೆ ನಿಮ್ಮ ಫೇಲ್‌ಟುಬ್ಯಾನ್ (ತಪ್ಪು ಲಾಗಿನ್ ಕಂಡರೆ ವಿಳಾಸ ತಡೆಯುವ ಪ್ರೋಗ್ರಾಂ) ಆ ವಿಳಾಸವನ್ನೇ ತಡೆಯುತ್ತದೆ. ಅದರ ಹಿಂದೆ ಇದ್ದವರೆಲ್ಲ ಹೊರಗೆ. ಐಪಿವಿ6 ಕೊಟ್ಟರೆ ಪ್ರತಿ ಫೋನೂ ತನ್ನದೇ ವಿಳಾಸದಿಂದ ಬರುತ್ತದೆ.

ಐಪಿವಿ6 ಹಾಕಿದ ಮೇಲೆ ಐಪಿವಿ4 ತೆಗೆದುಬಿಡಬಹುದಾ?

ಬೇಡ. ಐಪಿವಿ4 ಮಾತ್ರ ಇರುವ ಮೇಲ್ ಸರ್ವರ್‌ಗಳು ಇನ್ನೂ ತುಂಬಾ ಇವೆ. ಅವುಗಳಿಂದ ನಿಮಗೆ ಮೇಲ್ ಬರುವುದೇ ನಿಂತುಹೋಗುತ್ತದೆ. ಎರಡೂ ಜೊತೆಗೆ ಓಡಲಿ.

ಯಾವುದರಿಂದ ಶುರು ಮಾಡಲಿ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ ಪ್ರಶ್ನೆ. ಮೇಲ್ ಸರ್ವರ್ ಅಂದರೆ ಮೂರು ಬೇರೆ ಬೇರೆ ಕೆಲಸ. ಬಳಕೆದಾರರು ಬಂದು ಮೇಲ್ ಓದುವುದು, ಕಳಿಸಲು ಕೊಡುವುದು ಒಂದು. ಹೊರಗಿನ ಸರ್ವರ್‌ಗಳಿಂದ ಮೇಲ್ ತೆಗೆದುಕೊಳ್ಳುವುದು ಇನ್ನೊಂದು. ಹೊರಗೆ ಮೇಲ್ ಕಳಿಸುವುದು ಮೂರನೆಯದು. ಈ ಕ್ರಮದಲ್ಲೇ ಐಪಿವಿ6 ಹಾಕಿ. ಕಳಿಸುವುದು ಕಟ್ಟಕಡೆಗೆ.

ಕಾರಣ ಇಷ್ಟೇ. ಮೊದಲ ಎರಡರಲ್ಲಿ ಐಪಿವಿ6 ದಾರಿ ಕೆಟ್ಟರೆ ಎದುರಿನವರು ಸ್ವಲ್ಪ ಕಾದು ಐಪಿವಿ4ಗೆ ಬರುತ್ತಾರೆ. ಮೇಲ್ ತಡವಾಗಬಹುದು, ಕಳೆದುಹೋಗುವುದಿಲ್ಲ. ಕಳಿಸುವಾಗ ಹಾಗಲ್ಲ. ಎದುರಿನ ಸರ್ವರ್ ನಿಮ್ಮ ಮೇಲ್ ನೋಡಿ 550 ಎಂದು ತಿರಸ್ಕರಿಸಿದರೆ ಅಲ್ಲಿಗೆ ಮುಗಿಯಿತು. ಐಪಿವಿ4ನಲ್ಲಿ ಹೋಗಿದ್ದರೆ ತಲುಪುತ್ತಿತ್ತೇನೋ, ಆದರೆ ಪೋಸ್ಟ್‌ಫಿಕ್ಸ್ ಮತ್ತೆ ಪ್ರಯತ್ನಿಸುವುದಿಲ್ಲ. 5ರಿಂದ ಶುರುವಾಗುವ ಉತ್ತರ ಎಂದರೆ ಶಾಶ್ವತ ತಿರಸ್ಕಾರ. ಮೇಲ್ ಬೌನ್ಸ್ ಆಗಿ ಬಳಕೆದಾರರ ಕೈಗೆ ವಾಪಸ್ ಬರುತ್ತದೆ.

ಹಾಗಾಗಿ ಮೊದಲ ದಿನವೇ ಪೋಸ್ಟ್‌ಫಿಕ್ಸ್‌ನ ಮಾಸ್ಟರ್ ಫೈಲ್ ತೆರೆಯಿರಿ. ಹೊರಗೆ ಕಳಿಸುವ ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಸಾಗಿಸುವ ಭಾಷೆ) ಕ್ಲೈಂಟ್ ಸಾಲಿನ ಕೆಳಗೆ ‘ಇನೆಟ್ ಪ್ರೋಟೋಕಾಲ್ಸ್’ ಅನ್ನು ಐಪಿವಿ4ಗೆ ಕಟ್ಟಿಹಾಕಿ. ಆಮೇಲೆ ಉಳಿದ ಕಡೆ ನೆಮ್ಮದಿಯಾಗಿ ಕೆಲಸ ಮಾಡಬಹುದು.

ಎಂಎಕ್ಸ್ ರೆಕಾರ್ಡ್ ಬದಲಿಸಬೇಕಾ?

ಬೇಕಿಲ್ಲ. ಎಂಎಕ್ಸ್ ಎಂದರೆ ನಿಮ್ಮ ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಬರಬೇಕು ಎಂದು ಹೇಳುವ ಡಿಎನ್‌ಎಸ್ ದಾಖಲೆ. ಅದು ತೋರಿಸುವುದು ಒಂದು ಹೆಸರನ್ನು, ವಿಳಾಸವನ್ನಲ್ಲ. ಆ ಹೆಸರಿಗೆ ಈಗ ಎ ರೆಕಾರ್ಡ್ (ಐಪಿವಿ4 ವಿಳಾಸ) ಇದೆ, ಅದರ ಪಕ್ಕ ಒಂದು ಕ್ವಾಡ್-ಎ ರೆಕಾರ್ಡ್ (ಐಪಿವಿ6 ವಿಳಾಸ) ಸೇರಿಸಿದರೆ ಆಯಿತು. ಐಪಿವಿ6ಗೆಂದೇ ಬೇರೆ ಹೆಸರಿನ ಎಂಎಕ್ಸ್ ಮಾಡಿದರೆ ಲಾಭವಿಲ್ಲ, ನೋಡಿಕೊಳ್ಳುವ ಕೆಲಸ ಮಾತ್ರ ಜಾಸ್ತಿ. ಪರೀಕ್ಷೆಗೆ ಬೇರೆ ಹೆಸರು ಬೇಕೆನಿಸಿದರೆ ಮಾಡಿಕೊಳ್ಳಿ, ಎಂಎಕ್ಸ್‌ನಲ್ಲಿ ಹಾಕಬೇಡಿ.

ಹೊರಗಿನಿಂದ ತಲುಪಲು ಆಗುವ ವಿಳಾಸವನ್ನೇ ಹಾಕಿ. ಒಳಗಿನ ನೆಟ್‌ವರ್ಕ್‌ನ ಯುಎಲ್‌ಎ ವಿಳಾಸವಾಗಲಿ, ತನ್ನ ಲಿಂಕ್ ದಾಟದ ಲಿಂಕ್-ಲೋಕಲ್ ವಿಳಾಸವಾಗಲಿ ಡಿಎನ್‌ಎಸ್‌ಗೆ ಬರಕೂಡದು.

ಕ್ವಾಡ್-ಎ ಹಾಕಿದ ಕೂಡಲೇ ಏನೇನು ಬದಲಾಗುತ್ತದೆ?

ಆ ಹೆಸರಿನಲ್ಲಿ ಇರುವ ಎಲ್ಲ ಸೇವೆಗಳೂ ಬದಲಾಗುತ್ತವೆ. ಸಣ್ಣ ಕಡೆಗಳಲ್ಲಿ ಒಂದೇ ಹೆಸರಿನ ಮೇಲೆ ಐಮ್ಯಾಪ್ (ಮೇಲ್ ಓದುವ ಸೇವೆ), ಎಸ್‌ಎಂಟಿಪಿ, ವೆಬ್‌ಮೇಲ್ ಮೂರೂ ಇರುತ್ತವೆ ಅಲ್ವಾ? ಎಸ್‌ಎಂಟಿಪಿ ಮಾತ್ರ ಐಪಿವಿ6ನಲ್ಲಿ ಕೇಳುತ್ತಿದ್ದು ವೆಬ್‌ಮೇಲ್ ಕೇಳದೆ ಇದ್ದರೆ ಬ್ರೌಸರ್‌ಗಳು ತಡವರಿಸುತ್ತವೆ. ರೆಕಾರ್ಡ್ ಹಾಕುವ ಮೊದಲು ಪೋರ್ಟ್ 25, 465, 587, 993, 443 ಎಲ್ಲವೂ ಐಪಿವಿ6ನಲ್ಲಿ ತೆರೆದಿವೆಯಾ ನೋಡಿ. ಡವ್‌ಕಾಟ್‌ನ ‘ಲಿಸನ್’ ಸಾಲಿನಲ್ಲಿ ನಕ್ಷತ್ರ ಗುರುತಿನ ಜೊತೆಗೆ ಎರಡು ಕೋಲನ್ ಇರಬೇಕು.

ಇನ್ನೊಂದು ಕಡೆ ತೊಂದರೆ ತಡವಾಗಿ ಹೊರಬರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟನ್ನು ಎಚ್‌ಟಿಟಿಪಿ ಮೂಲಕ ನವೀಕರಿಸುತ್ತಿದ್ದರೆ, ಕ್ವಾಡ್-ಎ ಇರುವ ಹೆಸರಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಪರಿಶೀಲನೆ ಮೊದಲು ಐಪಿವಿ6ನಲ್ಲೇ ಬರುತ್ತದೆ. ಅಲ್ಲಿ ನಿಮ್ಮ ವೆಬ್ ಸರ್ವರ್ ಬೇರೇನೋ ಪುಟ ತೋರಿಸಿದರೆ ನವೀಕರಣ ಸೋಲುತ್ತದೆ. ಇವತ್ತು ಎಲ್ಲವೂ ಸರಿಯಾಗಿ ಕಾಣುತ್ತದೆ. ಸರ್ಟಿಫಿಕೇಟ್ ಅವಧಿ ಮುಗಿದ ದಿನ ಎಲ್ಲರ ಫೋನಿನಲ್ಲೂ ಎಚ್ಚರಿಕೆ ಬರುತ್ತದೆ. ಅಷ್ಟು ಹೊತ್ತಿಗೆ ಕ್ವಾಡ್-ಎ ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ. ರೆಕಾರ್ಡ್ ಹಾಕಿದ ದಿನವೇ ನವೀಕರಣದ ಪರೀಕ್ಷೆ ಒಂದು ಸಲ ಓಡಿಸಿಬಿಡಿ.

ಪೋಸ್ಟ್‌ಫಿಕ್ಸ್‌ನಲ್ಲಿ ಏನು ಬದಲಿಸಬೇಕು?

‘ಇನೆಟ್ ಪ್ರೋಟೋಕಾಲ್ಸ್’ ಬೆಲೆ ‘ಆಲ್’ ಆಗಿರಬೇಕು. ಇದನ್ನು ಬದಲಿಸಿದಾಗ ರಿಲೋಡ್ ಸಾಲದು. ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ‘ಇನೆಟ್ ಇಂಟರ್‌ಫೇಸಸ್’ನಲ್ಲಿ ಒಂದೇ ಐಪಿವಿ4 ವಿಳಾಸ ಬರೆದಿಟ್ಟಿದ್ದರೆ ಅಲ್ಲಿಗೂ ಐಪಿವಿ6 ವಿಳಾಸ ಸೇರಿಸಿ. ಪಟ್ಟಿಗಳಲ್ಲಿ ಐಪಿವಿ6 ವಿಳಾಸವನ್ನು ಚೌಕ ಆವರಣದೊಳಗೆ ಬರೆಯಬೇಕು, [::1]/128 ಹೀಗೆ.

ಪೋಸ್ಟ್‌ಫಿಕ್ಸ್ ಬದಲು ಎಕ್ಸಿಮ್ ಇರುವವರು ಗಮನಿಸಿ. ಎಕ್ಸಿಮ್‌ನ ಪಟ್ಟಿಗಳಲ್ಲಿ ಒಂದು ಅಂಶವನ್ನು ಇನ್ನೊಂದರಿಂದ ಬೇರ್ಪಡಿಸುವುದೇ ಕೋಲನ್. ಐಪಿವಿ6 ವಿಳಾಸದಲ್ಲಿ ತುಂಬಾ ಕೋಲನ್ ಇರುವುದರಿಂದ ಹಾಗೇ ಬರೆದರೆ ವಿಳಾಸ ಚೂರುಚೂರಾಗುತ್ತದೆ. ಪಟ್ಟಿಯ ಶುರುವಿನಲ್ಲಿ <; ಎಂದು ಬರೆದು ಸೆಮಿಕೋಲನ್‌ಗೆ ಬದಲಾಯಿಸಿಕೊಳ್ಳಿ.

ಅದೇ ಸರ್ವರ್‌ನ ವೆಬ್‌ಸೈಟ್ ಫಾರ್ಮ್ ಇದ್ದಕ್ಕಿದ್ದಂತೆ ಮೇಲ್ ಕಳಿಸುವುದನ್ನು ನಿಲ್ಲಿಸಿತು. ಲಾಗ್‌ನಲ್ಲಿ ‘ರಿಲೇ ಆಕ್ಸೆಸ್ ಡಿನೈಡ್’ ಎಂದಿದೆ.

ಆ ಪ್ರೋಗ್ರಾಂ ‘ಲೋಕಲ್‌ಹೋಸ್ಟ್’ಗೆ ಕನೆಕ್ಟ್ ಆಗುತ್ತಿದೆ. ಮುಂಚೆ ಅದು 127.0.0.1 ಆಗಿ ಬರುತ್ತಿತ್ತು. ಈಗ ::1 ಆಗಿ ಬರುತ್ತಿದೆ. ನಂಬುವ ವಿಳಾಸಗಳ ‘ಮೈನೆಟ್‌ವರ್ಕ್ಸ್’ ಪಟ್ಟಿಯಲ್ಲಿ ಹಳೆಯದು ಮಾತ್ರ ಇರುವುದರಿಂದ ಪೋಸ್ಟ್‌ಫಿಕ್ಸ್ ಅದನ್ನು ಹೊರಗಿನವರ ಲೆಕ್ಕಕ್ಕೆ ಹಾಕಿದೆ. [::1]/128 ಸೇರಿಸಿ. ಹೊರಡುವ ಮೇಲ್‌ಗೆ ಡಿಕಿಮ್ ಎಂಬ ಡಿಜಿಟಲ್ ಸಹಿ ಹಾಕುವ ಓಪನ್‌ಡಿಕಿಮ್ ಬಳಸುತ್ತಿದ್ದರೆ ಅದರ ಒಳಗಿನ ಹೋಸ್ಟ್‌ಗಳ ಪಟ್ಟಿಯಲ್ಲೂ ::1 ಇರಲಿ. ಅಲ್ಲಿ ಬಿಟ್ಟುಹೋದರೆ ಮೇಲ್ ಹೊರಗೆ ಹೋಗುತ್ತದೆ, ಸಹಿ ಮಾತ್ರ ಬಿದ್ದಿರುವುದಿಲ್ಲ. ಇದು ಲಾಗ್‌ನಲ್ಲಿ ದೋಷವಾಗಿ ಕಾಣಿಸುವುದಿಲ್ಲ. ಹಾಗಾಗಿ ಕಂಡುಹಿಡಿಯುವುದು ಕಷ್ಟ.

‘ಮೈನೆಟ್‌ವರ್ಕ್ಸ್’ಗೆ ನಮ್ಮ ಇಡೀ /64 ಹಾಕಬಹುದಾ?

ಆ /64 (ಮೊದಲ 64 ಬಿಟ್ ಒಂದೇ ಆಗಿರುವ ವಿಳಾಸಗಳ ಗುಂಪು) ಪೂರ್ತಿ ನಿಮ್ಮದೇ ಎಂದು ಖಚಿತವಾಗಿದ್ದರೆ ಮಾತ್ರ. ಕೆಲವು ಹೋಸ್ಟಿಂಗ್ ಕಡೆಗಳಲ್ಲಿ ಒಂದೇ /64ನಲ್ಲಿ ಹಲವು ಗ್ರಾಹಕರನ್ನು ಕೂರಿಸಿರುತ್ತಾರೆ. ಅಲ್ಲಿ ಇಡೀ /64 ನಂಬಿದರೆ ಪಕ್ಕದ ವರ್ಚುವಲ್ ಸರ್ವರ್‌ನವರೂ ನಿಮ್ಮ ಮೂಲಕ ಮೇಲ್ ಸಾಗಿಸಬಹುದು. ಹಳೇ ಪೋಸ್ಟ್‌ಫಿಕ್ಸ್‌ನಿಂದ ಮೇಲೇರಿಸಿಕೊಂಡು ಬಂದ ಕಾನ್ಫಿಗರೇಶನ್ ಇದ್ದರೆ ಇನ್ನೂ ಹುಷಾರಾಗಿರಿ. 3.0ಗೆ ಮುಂಚೆ ‘ಮೈನೆಟ್‌ವರ್ಕ್ಸ್ ಸ್ಟೈಲ್’ ಬೆಲೆ ತಾನಾಗಿಯೇ ‘ಸಬ್‌ನೆಟ್’ ಆಗಿರುತ್ತಿತ್ತು. ನೀವು ಏನೂ ಬರೆಯದೆಯೇ ಇಡೀ ಸಬ್‌ನೆಟ್‌ಗೆ ಬಾಗಿಲು ತೆರೆದಿರಬಹುದು. ‘ಪೋಸ್ಟ್‌ಕಾನ್ಫ್ ಮೈನೆಟ್‌ವರ್ಕ್ಸ್’ ಎಂದು ಕೊಟ್ಟು ಈಗಲೇ ನೋಡಿ.

ಜಿಮೇಲ್‌ಗೆ ಕಳಿಸಿದ ಮೇಲ್‌ಗಳು ವಾಪಸ್ ಬರುತ್ತಿವೆ. ನಾನು ಐಪಿವಿ6 ಆನ್ ಮಾಡಿಯೇ ಇಲ್ಲವಲ್ಲ?

ನೀವು ಮಾಡಿಲ್ಲ, ತಾನಾಗಿಯೇ ಆಗಿದೆ. ಹೋಸ್ಟಿಂಗ್‌ನವರು ಹೊಸ ಸರ್ವರ್ ಜೊತೆ ಐಪಿವಿ6 ವಿಳಾಸವನ್ನೂ ಕೊಟ್ಟಿರುತ್ತಾರೆ. ಈಗಿನ ಪೋಸ್ಟ್‌ಫಿಕ್ಸ್ ಮೊದಲಿನಿಂದಲೇ ‘ಆಲ್’ನಲ್ಲಿರುತ್ತದೆ. ಜಿಮೇಲ್‌ನ ಎಂಎಕ್ಸ್ ಹೆಸರುಗಳಿಗೆ ಕ್ವಾಡ್-ಎ ಇದೆ. ಮೂರೂ ಸೇರಿದರೆ ಮೇಲ್ ಐಪಿವಿ6ನಲ್ಲಿ ಹೊರಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಲಾಗ್‌ನಲ್ಲಿ 550-5.7.1 ಇದ್ದು, ಪಕ್ಕದಲ್ಲಿ ಪಿಟಿಆರ್ (ವಿಳಾಸದಿಂದ ಹೆಸರು ತಿಳಿಸುವ ರೆಕಾರ್ಡ್) ಮತ್ತು ಅಥೆಂಟಿಕೇಶನ್ ಬಗ್ಗೆ ಐಪಿವಿ6 ನಿಯಮ ಪಾಲಿಸಿಲ್ಲ ಎಂಬ ಮಾತಿದ್ದರೆ ಇದೇ ಕಾರಣ.

ಗೂಗಲ್ ಕೇಳುವುದು ಇಷ್ಟು: ಕಳಿಸುವ ವಿಳಾಸಕ್ಕೆ ಪಿಟಿಆರ್ ಇರಬೇಕು, ಆ ಹೆಸರು ತಿರುಗಿ ಅದೇ ವಿಳಾಸಕ್ಕೆ ಬರಬೇಕು, ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಿನಲ್ಲಿ ಯಾವ ವಿಳಾಸಗಳು ಮೇಲ್ ಕಳಿಸಬಹುದು ಎಂಬ ಡಿಎನ್‌ಎಸ್ ಸಾಲು) ಅಥವಾ ಡಿಕಿಮ್‌ನಲ್ಲಿ ಒಂದಾದರೂ ಪಾಸಾಗಬೇಕು. ಐಪಿವಿ4ನಲ್ಲಿ ಹಿಂದೆಲ್ಲ ಸಡಿಲ ಇತ್ತು. ಹಳೆಯ ವಿಳಾಸಕ್ಕೆ ವರ್ಷಗಳ ಹೆಸರಿತ್ತು. ಹೊಸ ಐಪಿವಿ6 ವಿಳಾಸಕ್ಕೆ ಅದೇನೂ ಇಲ್ಲ. ಹೊಸ ಊರಿಗೆ ಹೋದವರಿಗೆ ಅಂಗಡಿಯವರು ಮೊದಲ ದಿನವೇ ಸಾಲ ಕೊಡುವುದಿಲ್ಲವಲ್ಲ, ಹಾಗೆ. ಮೈಕ್ರೋಸಾಫ್ಟ್‌ನವರೂ ಐಪಿವಿ6ನಲ್ಲಿ ಬರುವ ಮೇಲ್‌ಗೆ ಪಿಟಿಆರ್ ಜೊತೆಗೆ ಎಸ್‌ಪಿಎಫ್ ಅಥವಾ ಡಿಕಿಮ್ ಕೇಳುತ್ತಾರೆ. ಅವರ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್ 2024ರ ಅಕ್ಟೋಬರ್‌ನಿಂದ ತನ್ನ ಗ್ರಾಹಕರ ಡೊಮೇನ್‌ಗಳಿಗೆ ಹಂತ ಹಂತವಾಗಿ ಕ್ವಾಡ್-ಎ ಕೊಡತೊಡಗಿತು. ಅಂದರೆ ಅಲ್ಲಿಯವರೆಗೆ ಐಪಿವಿ4ನಲ್ಲಿ ಹೋಗುತ್ತಿದ್ದ ಮೇಲ್ ನಿಮ್ಮ ಕಡೆ ಏನೂ ಬದಲಾಗದಿದ್ದರೂ ದಾರಿ ಬದಲಿಸಿರಬಹುದು.

ತಕ್ಷಣದ ಪರಿಹಾರ: ಮೇಲೆ ಹೇಳಿದಂತೆ ಕಳಿಸುವ ಕ್ಲೈಂಟನ್ನು ಐಪಿವಿ4ಗೆ ಕಟ್ಟಿ. ಆಮೇಲೆ ಮುಂದಿನ ಉತ್ತರಗಳಲ್ಲಿ ಇರುವುದನ್ನು ಒಂದೊಂದಾಗಿ ಸರಿಮಾಡಿ. ‘ಎಸ್‌ಎಂಟಿಪಿ ಅಡ್ರೆಸ್ ಪ್ರಿಫರೆನ್ಸ್’ ಅನ್ನು ಐಪಿವಿ4 ಮಾಡಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಅದು ಕ್ರಮವನ್ನಷ್ಟೇ ಬದಲಿಸುತ್ತದೆ. ಐಪಿವಿ4 ದಾರಿ ಕ್ಷಣಕಾಲ ಸಿಗದಿದ್ದರೆ ಮೇಲ್ ಮತ್ತೆ ಐಪಿವಿ6ಗೆ ಹೋಗಿ ಬೌನ್ಸ್ ಆಗಬಹುದು.

ಪಿಟಿಆರ್ ಎಲ್ಲಿ ಹಾಕುವುದು? ನಮ್ಮ ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಕಾಣುತ್ತಿಲ್ಲ.

ವಿಳಾಸ ಕೊಟ್ಟವರ ಹತ್ತಿರ. ವರ್ಚುವಲ್ ಸರ್ವರ್ ಆದರೆ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ‘ರಿವರ್ಸ್ ಡಿಎನ್‌ಎಸ್’ ಎಂದಿರುತ್ತದೆ. ಕಾಲೇಜು ಅಥವಾ ಆಫೀಸಿನ ಲೈನ್ ಆದರೆ ಇಂಟರ್‌ನೆಟ್ ಕೊಡುವ ಕಂಪನಿಗೆ ಕೇಳಬೇಕು. ಭಾರತದ ರಿಜಿಸ್ಟ್ರಿಯಾದ ಐಆರ್‌ಐಎನ್‌ಎನ್‌ನಿಂದ ನೀವೇ ಸ್ವಂತ ಬ್ಲಾಕ್ ಪಡೆದಿದ್ದರೆ ರಿವರ್ಸ್ ಜೋನ್ ನಿಮ್ಮ ನೇಮ್ ಸರ್ವರ್‌ಗೇ ಬರುವಂತೆ ಮಾಡಿಕೊಳ್ಳಬಹುದು. ಅಲ್ಲಿ ವಿಳಾಸದ 32 ಅಂಕಿಗಳನ್ನೂ ತಿರುಗುಮುರುಗಾಗಿ, ನಡುವೆ ಚುಕ್ಕಿ ಇಟ್ಟು ಬರೆಯಬೇಕು. ಒಳಗೆ ಅಡಗಿದ ಸೊನ್ನೆಗಳನ್ನೂ ಬಿಡುವಂತಿಲ್ಲ. ಕೈಯಲ್ಲಿ ಬರೆಯಬೇಡಿ. ‘ಡಿಗ್’ ಆಜ್ಞೆಗೆ ಎಕ್ಸ್ ಆಯ್ಕೆ ಕೊಟ್ಟು ವಿಳಾಸ ಹಾಕಿದರೆ ಅದೇ ಆ ರೂಪ ತೋರಿಸುತ್ತದೆ. ಅದನ್ನು ನಕಲು ಮಾಡಿಕೊಳ್ಳಿ.

ಪಿಟಿಆರ್ ಹೆಸರು, ಹೆಲೋದಲ್ಲಿ (ಎಸ್‌ಎಂಟಿಪಿ ಮಾತಿನ ಶುರುವಿನ ಪರಿಚಯ) ಸರ್ವರ್ ಹೇಳುವ ಹೆಸರು, ಕ್ವಾಡ್-ಎ ಇರುವ ಹೆಸರು ಮೂರೂ ಒಂದೇ ಆಗಿದ್ದರೆ ಯಾರಿಗೂ ತಕರಾರು ಇರುವುದಿಲ್ಲ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಬದಲಿಸಬೇಕಾ?

ಎಸ್‌ಪಿಎಫ್ ನೋಡಲೇಬೇಕು. ನಿಮ್ಮ ಸಾಲಿನಲ್ಲಿ ‘ಐಪಿ4’ ಎಂದು ವಿಳಾಸ ಮಾತ್ರ ಇದ್ದು ಕೊನೆಯಲ್ಲಿ ‘-ಆಲ್’ ಇದ್ದರೆ, ಐಪಿವಿ6ನಲ್ಲಿ ಹೋದ ಪ್ರತಿ ಮೇಲೂ ಎಸ್‌ಪಿಎಫ್‌ನಲ್ಲಿ ಫೇಲ್. ಪಕ್ಕದಲ್ಲಿ ‘ಐಪಿ6’ ಎಂದು ಹೊಸ ವಿಳಾಸ ಸೇರಿಸಿ. ‘ಎ’ ಅಥವಾ ‘ಎಂಎಕ್ಸ್’ ಎಂದು ಬರೆದಿದ್ದರೆ ಕ್ವಾಡ್-ಎ ತಾನಾಗಿಯೇ ಸೇರುತ್ತದೆ, ಆ ಹೆಸರಿನ ವಿಳಾಸದಿಂದಲೇ ಮೇಲ್ ಹೊರಡುತ್ತಿದ್ದರೆ. ‘ಐಪಿ6’ ಸೇರಿಸುವುದರಿಂದ ಎಸ್‌ಪಿಎಫ್‌ನ 10 ಡಿಎನ್‌ಎಸ್ ಹುಡುಕಾಟಗಳ ಮಿತಿಗೆ ಏನೂ ಆಗುವುದಿಲ್ಲ.

ಡಿಕಿಮ್ ಸಹಿಗೆ ವಿಳಾಸದ ಹಂಗಿಲ್ಲ. ಎಸ್‌ಪಿಎಫ್, ಡಿಕಿಮ್ ಸೋತರೆ ಏನು ಮಾಡಬೇಕು ಎಂದು ಹೇಳುವ ಡಿಮಾರ್ಕ್‌ಗೂ ಅಷ್ಟೇ. ಎಂಟಿಎ-ಎಸ್‌ಟಿಎಸ್ (ಎನ್‌ಕ್ರಿಪ್ಟ್ ಆದ ದಾರಿಯಲ್ಲೇ ಮೇಲ್ ಕೊಡಿ ಎನ್ನುವ ನೀತಿ) ಇದ್ದರೆ ಅದೂ ಹೆಸರಿನ ಮೇಲೆ ನಡೆಯುತ್ತದೆ, ಮುಟ್ಟಬೇಡಿ.

ಎಲ್ಲ ಸರಿಯಿದೆ, ಆದರೂ ಒಂದೊಂದು ಮೇಲ್ ಪಿಟಿಆರ್ ಇಲ್ಲ ಎಂದು ತಿರಸ್ಕಾರವಾಗುತ್ತದೆ.

ಸರ್ವರ್‌ಗೆ ಎಷ್ಟು ಐಪಿವಿ6 ವಿಳಾಸ ಇವೆ ಎಂದು ನೋಡಿ. ಒಂದು ನೀವು ಕೊಟ್ಟದ್ದು, ಇನ್ನೊಂದು ರೌಟರ್‌ನ ಘೋಷಣೆ ಕೇಳಿ ತಾನೇ ಮಾಡಿಕೊಂಡದ್ದು, ಕೆಲವೊಮ್ಮೆ ಗೌಪ್ಯತೆಗೆಂದು ಆಗಾಗ ಬದಲಾಗುವ ತಾತ್ಕಾಲಿಕ ವಿಳಾಸ ಬೇರೆ. ಯಾವುದರಿಂದ ಹೊರಡಬೇಕು ಎಂದು ಕರ್ನೆಲ್ ತೀರ್ಮಾನಿಸುತ್ತದೆ. ಪಿಟಿಆರ್ ಇರುವುದು ಒಂದಕ್ಕೆ ಮಾತ್ರ. ಸರ್ವರ್‌ನಲ್ಲಿ ತಾತ್ಕಾಲಿಕ ವಿಳಾಸಗಳನ್ನು ನಿಲ್ಲಿಸಿ. ‘ಎಸ್‌ಎಂಟಿಪಿ ಬೈಂಡ್ ಅಡ್ರೆಸ್6’ನಲ್ಲಿ ಸರಿಯಾದ ವಿಳಾಸ ಬರೆದು ಗಟ್ಟಿ ಮಾಡಿ.

ಸಣ್ಣ ಮೇಲ್ ಹೋಗುತ್ತದೆ, ಅಟ್ಯಾಚ್‌ಮೆಂಟ್ ಇದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಯಾಕೆ?

ಹೆಚ್ಚಿನ ಸಲ ಇದು ಫೈರ್‌ವಾಲ್‌ನ ಕೆಲಸ. ಐಪಿವಿ4ನಲ್ಲಿ ಪ್ಯಾಕೆಟ್ ದೊಡ್ಡದಾದರೆ ದಾರಿಯ ರೌಟರ್ ಅದನ್ನು ತುಂಡು ಮಾಡಿ ಮುಂದೆ ಕಳಿಸಬಹುದು. ಐಪಿವಿ6ನಲ್ಲಿ ರೌಟರ್ ತುಂಡು ಮಾಡುವುದೇ ಇಲ್ಲ. ‘ಪ್ಯಾಕೆಟ್ ದೊಡ್ಡದಾಯಿತು’ ಎಂದು ಕಳಿಸಿದವರಿಗೆ ಐಸಿಎಂಪಿವಿ6 ಸಂದೇಶ ಕೊಡುತ್ತದೆ. ಕಳಿಸಿದವರು ಗಾತ್ರ ಇಳಿಸಿ ಮತ್ತೆ ಕಳಿಸಬೇಕು. ಆದರೆ ಐಸಿಎಂಪಿ ಅಪಾಯ ಎಂಬ ಹಳೇ ಅಭ್ಯಾಸದಿಂದ ಅದನ್ನೆಲ್ಲ ಫೈರ್‌ವಾಲ್‌ನಲ್ಲಿ ತಡೆದಿರುತ್ತಾರೆ. ಸಂದೇಶ ತಲುಪುವುದಿಲ್ಲ. ನಿಮ್ಮ ಸರ್ವರ್ ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ.

ಎಸ್‌ಎಂಟಿಪಿಯಲ್ಲಿ ಇದರ ಲಕ್ಷಣ ತುಂಬಾ ಸ್ಪಷ್ಟ. ಕನೆಕ್ಷನ್ ಆಗುತ್ತದೆ. ಹೆಲೋ, ಕಳಿಸುವವರು, ಪಡೆಯುವವರು ಎಲ್ಲ ಸಾಲುಗಳೂ ದಾಟುತ್ತವೆ, ಏಕೆಂದರೆ ಅವು ಚಿಕ್ಕವು. ಮೇಲ್‌ನ ಒಡಲು ಹೊರಟಾಗ ನಿಂತುಬಿಡುತ್ತದೆ. ಲಾಗ್‌ನಲ್ಲಿ ‘ಸೆಂಡಿಂಗ್ ಮೆಸೇಜ್ ಬಾಡಿ’ ಹಂತದಲ್ಲಿ ಟೈಮ್‌ಔಟ್ ಎಂದು ಬರುತ್ತದೆ. ಟನೆಲ್ ಮೂಲಕ ಐಪಿವಿ6 ಪಡೆದವರಿಗೆ ಇದು ಜಾಸ್ತಿ. ಸಾಮಾನ್ಯ ಈಥರ್‌ನೆಟ್‌ನಲ್ಲಿ 1500 ಬೈಟ್ ಹಿಡಿಸಿದರೆ ಐಪಿವಿ4 ಒಳಗೆ ಸುತ್ತಿದ ಟನೆಲ್‌ನಲ್ಲಿ 1480 ಮಾತ್ರ ಹಿಡಿಸುತ್ತದೆ.

ಐಸಿಎಂಪಿವಿ6ನ ‘ಪ್ಯಾಕೆಟ್ ಟೂ ಬಿಗ್’ ಸಂದೇಶವನ್ನು ಒಳಗೆ ಬಿಡಿ. ನೆರೆಯ ಸಾಧನಗಳನ್ನು ಹುಡುಕುವ ಸಂದೇಶಗಳನ್ನೂ ಬಿಡಬೇಕು, ಅವಿಲ್ಲದೆ ಐಪಿವಿ6 ಓಡುವುದೇ ಇಲ್ಲ. ದಾರಿಯಲ್ಲಿ ಬೇರೆ ಯಾರೋ ತಡೆದಿದ್ದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಸರ್ವರ್‌ನ ಇಂಟರ್‌ಫೇಸ್‌ನಲ್ಲಿ ಎಂಟಿಯುವನ್ನು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ. ಯಾವ ಐಪಿವಿ6 ಲಿಂಕ್ ಆದರೂ ಅಷ್ಟನ್ನು ಸಾಗಿಸಲೇಬೇಕು ಎಂಬ ನಿಯಮವಿದೆ.

ಫೈರ್‌ವಾಲ್ ಮಾತು ಬಂದಾಗ ಇದನ್ನೂ ಹೇಳಬೇಕು. ಲಿನಕ್ಸ್ ಫೈರ್‌ವಾಲ್‌ನ ‘ಐಪಿಟೇಬಲ್ಸ್’ ನಿಯಮಗಳು ಐಪಿವಿ6ಗೆ ತಾಗುವುದಿಲ್ಲ. ಅದಕ್ಕೆ ‘ಐಪಿ6ಟೇಬಲ್ಸ್’ ಬೇರೆ. ಡೇಟಾಬೇಸ್ ಪೋರ್ಟ್ ಐಪಿವಿ4ನಲ್ಲಿ ಮುಚ್ಚಿದ್ದು ಐಪಿವಿ6ನಲ್ಲಿ ಜಗತ್ತಿಗೆಲ್ಲ ತೆರೆದಿರಬಹುದು. ‘ಎನ್‌ಎಫ್‌ಟೇಬಲ್ಸ್’ನ ‘ಇನೆಟ್’ ಗುಂಪಿನಲ್ಲಿ ಬರೆದರೆ ಎರಡಕ್ಕೂ ಒಂದೇ ನಿಯಮ ಸಾಕು.

ಸ್ಪ್ಯಾಮ್ ಜಾಸ್ತಿಯಾಗುತ್ತದಾ? ಬ್ಲ್ಯಾಕ್‌ಲಿಸ್ಟ್‌ಗಳು ಕೆಲಸ ಮಾಡುತ್ತವಾ?

ಮಾಡುತ್ತವೆ, ಲೆಕ್ಕ ಬೇರೆ. ಒಂದು /64ನಲ್ಲಿ ಸುಮಾರು 1.84 ಲಕ್ಷ ಕೋಟಿ ಕೋಟಿ ವಿಳಾಸ ಇರುತ್ತವೆ. ಒಂದೊಂದೇ ವಿಳಾಸ ತಡೆಯುತ್ತಾ ಹೋದರೆ ಸ್ಪ್ಯಾಮರ್ ಪ್ರತಿ ಮೇಲ್‌ಗೂ ಹೊಸ ವಿಳಾಸ ಬಳಸುತ್ತಾನೆ. ಅದಕ್ಕೇ ಸ್ಪ್ಯಾಮ್‌ಹೌಸ್‌ನಂಥ ಪಟ್ಟಿಗಳು ಐಪಿವಿ6ನಲ್ಲಿ /64ಕ್ಕಿಂತ ಚಿಕ್ಕದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಗ್ರೇಲಿಸ್ಟಿಂಗ್ (ಹೊಸಬರ ಮೇಲನ್ನು ಮೊದಲ ಸಲ ‘ಆಮೇಲೆ ಬನ್ನಿ’ ಎಂದು ವಾಪಸ್ ಕಳಿಸುವುದು), ಮಿತಿ ಹಾಕುವ ನಿಯಮ ಎಲ್ಲವೂ /64 ಲೆಕ್ಕದಲ್ಲಿರಲಿ.

ಇದರ ಇನ್ನೊಂದು ಮುಖ ನಿಮಗೇ ಹೊಡೆಯಬಹುದು. ನಿಮ್ಮ /64 ಬೇರೆ ಗ್ರಾಹಕರ ಜೊತೆ ಹಂಚಿಕೆಯಲ್ಲಿದ್ದರೆ ಅವರ ಸ್ಪ್ಯಾಮ್‌ಗೆ ನಿಮ್ಮ ಮೇಲ್ ತಡೆಯಾಗುತ್ತದೆ. ಹೋಸ್ಟಿಂಗ್‌ನವರಿಗೆ ಪ್ರತ್ಯೇಕ /64 ಕೇಳಿ. ಐಪಿವಿ6ನಲ್ಲಿ ಕೊರತೆ ಇಲ್ಲ, ಕೇಳುವುದು ನಿಮ್ಮ ಹಕ್ಕು ಎಂದೇ ನಾನು ಹೇಳುತ್ತೇನೆ. ಕೊಡದಿದ್ದರೆ ಹೊರಗೆ ಕಳಿಸುವುದನ್ನು ಐಪಿವಿ4ನಲ್ಲೇ ಇಟ್ಟುಕೊಳ್ಳಿ.

ಲಾಗ್ ನೋಡುವ ಹಳೇ ಸ್ಕ್ರಿಪ್ಟ್‌ಗಳು ಏನಾಗುತ್ತವೆ?

ಕೋಲನ್ ಮೇಲೆ ಸಾಲು ಕತ್ತರಿಸುವ ಸ್ಕ್ರಿಪ್ಟ್‌ಗಳು ಕೆಡುತ್ತವೆ. ವಿಳಾಸಕ್ಕೆ 15 ಅಕ್ಷರದ ಜಾಗ ಇಟ್ಟ ಡೇಟಾಬೇಸ್ ಕಾಲಂ ಸಾಲದು, 45 ಇಡಿ. ಫೇಲ್‌ಟುಬ್ಯಾನ್ 0.10ಕ್ಕಿಂತ ಹಳೆಯದಾದರೆ ಐಪಿವಿ6 ಅರ್ಥವಾಗುವುದಿಲ್ಲ.

ನಮ್ಮ ಆಫೀಸಿನಲ್ಲಿ ಐಪಿವಿ6 ಇಲ್ಲ. ಪರೀಕ್ಷೆ ಮಾಡುವುದು ಹೇಗೆ?

ಫೋನಿನ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪ್ ಜೋಡಿಸಿ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಐಪಿವಿ6 ಸಿಕ್ಕಿಬಿಡುತ್ತದೆ. ಅಲ್ಲಿಂದ 993 ಮತ್ತು 587 ನೋಡಬಹುದು. ಪೋರ್ಟ್ 25 ಸಾಮಾನ್ಯವಾಗಿ ಅಲ್ಲಿ ಮುಚ್ಚಿರುತ್ತದೆ, ಅದಕ್ಕೆ ಬೇರೆ ಕಡೆಯ ಒಂದು ಸರ್ವರ್ ಬೇಕು. ‘ಸ್ವಾಕ್ಸ್’ ಎಂಬ ಸಾಧನಕ್ಕೆ 6 ಆಯ್ಕೆ ಕೊಟ್ಟರೆ ಐಪಿವಿ6ನಲ್ಲೇ ಎಸ್‌ಎಂಟಿಪಿ ಮಾತಾಡಿ ತೋರಿಸುತ್ತದೆ. ನೆದರ್ಲೆಂಡ್ಸ್‌ನವರ ಇಂಟರ್ನೆಟ್ ಡಾಟ್ ಎನ್‌ಎಲ್ ತಾಣದಲ್ಲಿ ಡೊಮೇನ್ ಕೊಟ್ಟರೆ ಮೇಲ್‌ನ ಐಪಿವಿ6 ಸ್ಥಿತಿಯನ್ನು ಉಚಿತವಾಗಿ ಪರೀಕ್ಷಿಸುತ್ತದೆ.

ಬಳಕೆದಾರರ ಫೋನಿನ ಸೆಟ್ಟಿಂಗ್‌ನಲ್ಲಿ ಸರ್ವರ್ ಹೆಸರಿನ ಬದಲು ಐಪಿವಿ4 ಅಂಕಿಗಳನ್ನು ಬರೆದಿದ್ದರೆ ಅವರು ಐಪಿವಿ6ಗೆ ಬರುವುದೇ ಇಲ್ಲ. ಹೆಸರು ಹಾಕಿಸಿ.

ಒಂದೇ ಒಂದು ಡೊಮೇನ್‌ಗೆ ಮಾತ್ರ ಐಪಿವಿ6ನಲ್ಲಿ ಮೇಲ್ ಹೋಗುತ್ತಿಲ್ಲ.

ಎಲ್ಲರಿಗೂ ನಿಲ್ಲಿಸಬೇಡಿ. ಮಾಸ್ಟರ್ ಫೈಲ್‌ನಲ್ಲಿ ಐಪಿವಿ4ಗೆ ಮಾತ್ರ ಕಟ್ಟಿದ ಇನ್ನೊಂದು ಎಸ್‌ಎಂಟಿಪಿ ಸಾಲು ಮಾಡಿ, ಬೇರೆ ಹೆಸರು ಕೊಡಿ. ಟ್ರಾನ್ಸ್‌ಪೋರ್ಟ್ ಪಟ್ಟಿಯಲ್ಲಿ ಆ ಡೊಮೇನನ್ನು ಅದಕ್ಕೆ ತೋರಿಸಿ. ಆ ಕಡೆಯ ಪೋಸ್ಟ್‌ಮಾಸ್ಟರ್‌ಗೆ ಒಂದು ಮೇಲ್ ಬರೆಯಿರಿ, ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ. ಎದುರಿನವರಿಗೆ ತುಂಬಾ ಐಪಿವಿ6 ವಿಳಾಸಗಳಿದ್ದು ಎಲ್ಲವೂ ಸತ್ತಿದ್ದರೆ, ಹಳೇ ಪೋಸ್ಟ್‌ಫಿಕ್ಸ್ 5 ವಿಳಾಸಗಳ ಮಿತಿ ಮುಗಿಸಿ ಐಪಿವಿ4 ಮುಟ್ಟದೆಯೇ ಕೈಬಿಡುತ್ತಿತ್ತು. 3.3ರಿಂದ ಎರಡನ್ನೂ ಬೆರೆಸಿ ಪ್ರಯತ್ನಿಸುತ್ತದೆ. ಮೇಲೇರಿಸಿಕೊಳ್ಳಿ.

ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ?

ಕ್ವಾಡ್-ಎ ಹಾಕುವಾಗಲೇ ಅದರ ಟಿಟಿಎಲ್ (ಹೊರಗಿನವರು ಆ ರೆಕಾರ್ಡನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಇಡಿ. ಬೇಡವೆನಿಸಿದರೆ ರೆಕಾರ್ಡ್ ಅಳಿಸಿ. ಸ್ವಲ್ಪ ಹೊತ್ತಿನಲ್ಲೇ ಎಲ್ಲರೂ ಐಪಿವಿ4ಗೆ ಮರಳುತ್ತಾರೆ. ಆ ನಡುವೆ ನಿಮಗೆ ತಲುಪದ ಮೇಲ್‌ಗಳು ಕಳಿಸಿದವರ ಸರ್ವರ್‌ನ ಕ್ಯೂನಲ್ಲಿ ಕಾಯುತ್ತವೆ. ಪೋಸ್ಟ್‌ಫಿಕ್ಸ್ ಆದರೆ 5 ದಿನ ಕಾಯುತ್ತದೆ. ಪಿಟಿಆರ್ ಮತ್ತು ಎಸ್‌ಪಿಎಫ್ ಸಾಲು ಹಾಗೇ ಇರಲಿ, ಅದರಿಂದ ತೊಂದರೆ ಇಲ್ಲ. ಹೊರಹೋಗುವ ಕಡೆ ಕ್ಲೈಂಟನ್ನು ಐಪಿವಿ4ಗೆ ಕಟ್ಟಿ, ಪೋಸ್ಟ್‌ಫಿಕ್ಸ್ ನಿಲ್ಲಿಸಿ ಮತ್ತೆ ಶುರು ಮಾಡಿ, ‘ಪೋಸ್ಟ್‌ಕ್ಯೂ’ಗೆ ಎಫ್ ಆಯ್ಕೆ ಕೊಟ್ಟು ಕ್ಯೂನಲ್ಲಿ ಸಿಕ್ಕಿದ್ದನ್ನು ಹೊರಡಿಸಿ. ಆಗಲೇ ಬೌನ್ಸ್ ಆಗಿಹೋದವು ತಾನಾಗಿ ಹೋಗುವುದಿಲ್ಲ. ಲಾಗ್‌ನಿಂದ ಅವುಗಳ ಪಟ್ಟಿ ತೆಗೆದು, ಕಳಿಸಿದವರಿಗೆ ತಿಳಿಸಿ, ಮತ್ತೆ ಕಳಿಸಲು ಹೇಳಿ.